ಒಂದು ಸೈಜು ದೊಡ್ಡ ಬೂಟು

ಭಾನುವಾರ, ನವೆಂಬರ್ ೧೦

ನನ್ನ ಮಗನ ಅಪ್ಪನಿಗೆ,

‘ಪ್ರೀತಿಯ’ ಅಂತ ಬರೆಯಲು ಹೋದೆ, ಕೈ ಬರಲಿಲ್ಲ. ‘ಮಾನ್ಯರೇ’ ಅಂದರೆ ಕರೆಂಟ್ ಬಿಲ್ಲಿನ ಆಫೀಸಿಗೆ ದೂರು ಕೊಟ್ಟ ಹಾಗಾಗುತ್ತದೆ. ಆದ್ದರಿಂದ ನಮ್ಮಿಬ್ಬರ ನಡುವೆ ಇನ್ನೂ ಸುಳ್ಳಾಗದೆ ಉಳಿದಿರುವ ಒಂದೇ ಸಂಬಂಧ ಹಿಡಿದುಕೊಂಡು ಶುರು ಮಾಡಿದ್ದೇನೆ. ಕ್ಷೇಮ ಸಮಾಚಾರ ಕೇಳುವುದಿಲ್ಲ. ನೀವು ಕ್ಷೇಮವಾಗಿದ್ದೀರಿ ಅಂತ ನಮ್ಮ ಗುಂಡ ಹೇಳುತ್ತಲೇ ಇರುತ್ತಾನೆ. ನಾನು ಹೇಗಿದ್ದೇನೆ ಅನ್ನುವುದು ಈ ಕಾಗದ ಮುಗಿಯುವಷ್ಟರಲ್ಲಿ ನಿಮಗೇ ತಿಳಿಯುತ್ತದೆ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡಿ. ಮಾಡಿದೆ. ನನ್ನ ದನಿ ಕೇಳಿದ ಕೂಡಲೇ ನಿಮ್ಮ ರಸ್ತೆ ಕೆಲಸದ ಡಿಪೊದಲ್ಲಿ ಸಿಗ್ನಲ್ ಹೋಗುತ್ತದೆ. ಗುಂಡ ಮಾಡಿದರೆ ಅದೇ ಸಿಗ್ನಲ್ ಅರ್ಧ ಗಂಟೆ ಅಲ್ಲಾಡದೆ ನಿಂತಿರುತ್ತದೆ. ಕಾಗದವಾದರೆ ನಡುವೆ ಕತ್ತರಿಸಲು ಬರುವುದಿಲ್ಲ. ಹರಿದು ಬಿಸಾಡಬಹುದು, ನಿಜ. ಆದರೆ ನೀವು ಹರಿಯುವವರಲ್ಲ. ನಿಮ್ಮ ಬಗ್ಗೆ ಯಾರಾದರೂ ನಾಲ್ಕು ಸಾಲು ಬರೆದಿದ್ದಾರೆ ಅಂದರೆ ಕೊನೆಯವರೆಗೂ ಓದದೆ ನಿಮಗೆ ಸಮಾಧಾನವಿಲ್ಲ.

ವಿಷಯ ಇಷ್ಟು. ಗುಂಡ ಬರುವ ವಾರ ಹೊರಡುತ್ತಿದ್ದಾನೆ. ಮೇಲಿನ ಕಣಿವೆ ರಸ್ತೆಯ ಗ್ಯಾಂಗಿಗೆ, ನೀವು ಹಿಂದೆ ಕೆಲಸ ಮಾಡಿದ್ದ ಅದೇ ಗ್ಯಾಂಗಿಗೆ. ಹಿಮ ಬಿದ್ದ ಹಾಗೆಲ್ಲ ತಳ್ಳುತ್ತಾ, ಗಾಡಿಗಳಿಗೆ ದಾರಿ ಬಿಡಿಸುತ್ತಾ, ಚಳಿಗಾಲ ಮುಗಿಯುವವರೆಗೂ ಮೇಲೇ ಇರುತ್ತಾನೆ. ಹೋಗಬೇಡ ಅಂತ ನಾನು ಹೇಳಲಿಲ್ಲ. ಇಪ್ಪತ್ತೆರಡು ವರ್ಷದ ಗಂಡಾಳನ್ನು ಸೆರಗಿಗೆ ಗಂಟು ಹಾಕಿಕೊಂಡು ಕೂರುವ ಆಸೆ ನನಗಿಲ್ಲ. ಆದರೆ ಅವನು ತೆಗೆದುಕೊಂಡಿರುವ ಬೂಟು ಹಾಕಿಕೊಂಡು ಮೇಲೆ ಹೋದರೆ ಕಾಲು ಕಳೆದುಕೊಂಡು ಕೆಳಗಿಳಿಯುತ್ತಾನೆ. ಅದನ್ನು ತಡೆಯಲು ಈ ಪ್ರಪಂಚದಲ್ಲಿ ಒಬ್ಬರಿಂದ ಮಾತ್ರ ಸಾಧ್ಯ. ಆ ಒಬ್ಬರಿಗೇ ಈ ಕಾಗದ.

ಹೋದ ಭಾನುವಾರ ಬೂಟಿನಂಗಡಿಗೆ ಅವನ ಜೊತೆ ನಾನೂ ಹೋಗಿದ್ದೆ. ಅಂಗಡಿಯವನು ಚಳಿಯೂರಿಗೆ ಹೋಗುವವರಿಗೆ ಮಾರಿ ಅನುಭವ ಇದ್ದವನು. ಒಂದು ದಪ್ಪ ಉಣ್ಣೆ ಸಾಕ್ಸ್ ಹಾಕಿಸಿ, ಕಾಲನ್ನು ಮುಂದಕ್ಕೆ ತಳ್ಳಿಸಿ, ಹಿಮ್ಮಡಿಯ ಹಿಂದೆ ಒಂದು ಬೆರಳು ಇಳಿಯುವಷ್ಟು ಜಾಗ ಬೇಕು ಅಂತ ಹೇಳಿ, ಎಂಟರ ಕಾಲಿಗೆ ಒಂಬತ್ತರ ಬೂಟು ತಂದಿಟ್ಟ. ನಿಮ್ಮ ಮಗ ಅದರಲ್ಲಿ ನಾಲ್ಕು ಹೆಜ್ಜೆ ನಡೆದು, ಇದು ಬೂಟಲ್ಲ ದೋಣಿ, ನನಗೆ ಎಂಟೇ ಕೊಡಿ ಅಂದ. ಎಂಟು ಬಂತು. ಬ್ಯಾಗಿನಿಂದ ಮೂರು ಜೊತೆ ಸಾಕ್ಸ್ ತೆಗೆದು, ಒಂದರ ಮೇಲೊಂದು ಎಳೆದುಕೊಂಡು, ಉಸಿರು ಬಿಗಿಹಿಡಿದು ಕಾಲು ತುರುಕಿದ. ಮುಖ ಕೆಂಪಾಯಿತು. ಎದ್ದು ನಿಂತು, ಹೀಗಿರ್ಬೇಕು ಅಂತ ನನ್ನ ಕಡೆ ನೋಡಿ ನಕ್ಕ.

ನಾನು ಬಗ್ಗಿ ಬೂಟಿನ ಮೂತಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿದೆ. ಅವನು ಮೂರನೇ ಕ್ಲಾಸಿಗೆ ಹೋಗುವಾಗ ಹಾಗೇ ನೋಡುತ್ತಿದ್ದೆ. ಒತ್ತಲು ಜಾಗವೇ ಇರಲಿಲ್ಲ, ಬೆರಳುಗಳು ಒಳಗೆ ಬಸ್ಸಿನ ಹಾಗೆ ತುಂಬಿಕೊಂಡಿದ್ದವು. ಬೆರಳು ಆಡಿಸು ಅಂದೆ. ಆಡಿಸಲು ಆಗಲಿಲ್ಲ. ಬೆರಳು ಆಡದಿದ್ದರೆ ರಕ್ತ ಓಡುವುದಿಲ್ಲ, ರಕ್ತ ಓಡದಿದ್ದರೆ ಮೂರಲ್ಲ, ಮೂವತ್ತು ಸಾಕ್ಸ್ ಹಾಕಿದರೂ ಕಾಲು ತಣ್ಣಗೇ ಇರುತ್ತದೆ ಅಂದೆ. ಬಟ್ಟೆಗೆ ಸ್ವಂತ ಬಿಸಿ ಇಲ್ಲ ಕಣೋ, ಒಳಗೆ ಸಿಕ್ಕಿಕೊಂಡ ಗಾಳಿ ಬೆಚ್ಚಗಿಡೋದು, ನೀನು ಆ ಗಾಳಿಯನ್ನೇ ಹಿಂಡಿ ಹೊರಗೆ ಹಾಕಿದ್ದೀಯ ಅಂದೆ. ಹದಿನೈದು ವರ್ಷದಿಂದ ಉಣ್ಣೆ ಬಟ್ಟೆ ತೊಳೆದು ರಫು ಮಾಡುವ ಅಂಗಡಿಯಲ್ಲಿ ಕೂತಿದ್ದೇನೆ, ಇಷ್ಟಾದರೂ ಗೊತ್ತಿರುತ್ತದೆ.

ಅದಕ್ಕೆ ಅವನು ಅಂಗಡಿಯವನ ಎದುರಿಗೇ ಹೇಳಿದ: ಅಮ್ಮಾ, ಅಪ್ಪ ಮೇಲಿದ್ದು ಬಂದವರು, ನೀನು ಅಂಗಡೀಲಿ ಕೂತು ಕೋಟು ಉಜ್ಜೋಳು.

ಮಗ ಆಡಿದ ಮಾತಿಗೆ ನನಗೆ ಕೋಪ ಬರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತದೆ. ಮೈಯೆಲ್ಲ ಉರಿಯಿತು. ಆದರೆ ಆ ಮಾತು ಅವನದಲ್ಲ. ಬಾಯಿ ಮಾತ್ರ ಅವನದು.

ನಿಮ್ಮ ಕಥೆ ನನಗೂ ಬಾಯಿಪಾಠ. ಹಗಲು ರಾತ್ರಿ ತಿಳಿಯದಂಥ ಹಿಮದ ಬಿರುಗಾಳಿ. ಹಿಮ ತಳ್ಳುವ ಯಂತ್ರ ಅರ್ಧ ಹೂತುಹೋಗಿದೆ, ಡ್ರೈವರ್ ಒಳಗೆ ಸಿಕ್ಕಿಬಿದ್ದಿದ್ದಾನೆ. ನೀವೊಬ್ಬರೇ ಹಗ್ಗ ಹಿಡಿದು ಕೆಳಗಿನ ಡಿಪೊವರೆಗೂ ನಡೆದು ಬಂದು ಸುದ್ದಿ ಮುಟ್ಟಿಸಿದಿರಿ. ಆ ದಾರಿ ಮೊದಲ ಸಲ ಹೇಳಿದಾಗ ಎಷ್ಟಿತ್ತೋ, ಹೇಳಿದ ಹಾಗೆಲ್ಲ ಬೆಳೆಯುತ್ತಾ ಹೋಯಿತು. ಕೊನೆಗೆ ಯಾವಾಗಲೂ ಅದೇ ಮಾತು. ಬೂಟು ಬಿಗಿಯಾಗಿತ್ತು, ಒಳಗೆ ಮೂರು ಜೊತೆ ಸಾಕ್ಸ್ ಇತ್ತು, ಅದಕ್ಕೇ ಎರಡು ಕಾಲ್ಬೆರಳು ಕತ್ತರಿಸೋದಕ್ಕೇ ಮುಗೀತು, ಇಲ್ಲದಿದ್ರೆ ಮೊಣಕಾಲಿನವರೆಗೂ ಹೋಗ್ತಿತ್ತು. ಗುಂಡ ಆಗ ಒಂಬತ್ತು ವರ್ಷದವನು. ಬಾಯಿ ತೆರೆದುಕೊಂಡು ಕೇಳುತ್ತಿದ್ದ. ನೀವು ರೈಲು ಬಿಟ್ಟಿರಿ, ಅವನು ಹತ್ತಿ ಕೂತ.

ಬುಧವಾರ ನಮ್ಮ ಅಂಗಡಿಗೆ ಅಡುಗೆಯಣ್ಣ ಬಂದಿದ್ದರು. ನಿಮ್ಮ ಗ್ಯಾಂಗಿಗೆ ಮೇಲಿನ ಶೆಡ್ಡಿನಲ್ಲಿ ಅಡುಗೆ ಮಾಡಿ ಹಾಕುತ್ತಿದ್ದವರು, ನೀವು ಮರೆತಿದ್ದೇನೆ ಅಂದರೂ ಮರೆತಿರಲಾರಿರಿ. ಈಗ ಕೆಲಸ ಬಿಟ್ಟು ಮಗಳ ಮನೆಯಲ್ಲಿದ್ದಾರಂತೆ. ಒಂದು ಓವರ್‌ಕೋಟು ತಂದಿದ್ದರು, ಬೆನ್ನಿನ ತುಂಬ ನುಸಿ ತಿಂದ ತೂತು. ಬೆವರು, ಸಾರಿನ ಕಲೆ ಏನನ್ನೂ ತೊಳೆಯದೆ ಹಾಗೇ ಮಡಚಿ ಟ್ರಂಕಿಗೆ ಹಾಕಿದ್ದರಂತೆ. ನುಸಿಗೆ ಉಣ್ಣೆಗಿಂತ ಉಣ್ಣೆಗೆ ಅಂಟಿದ ಕೊಳೆ ಇಷ್ಟ, ನೀವು ಅದಕ್ಕೆ ಎಲೆ ಹಾಕಿ ಬಡಿಸಿದ್ದೀರಿ ಅಂತ ನಾನು ಬಯ್ದೆ. ಅವರು ನಗುತ್ತಾ, ಜನ್ಮವಿಡೀ ಬಡಿಸೋದೇ ನನ್ನ ಕೆಲಸ ಅಲ್ವೇನಮ್ಮ ಅಂದರು. ಹೀಗೇ ಮಾತು ಬೆಳೆಯಿತು. ಗುಂಡ ಮೇಲಕ್ಕೆ ಹೋಗುತ್ತಿದ್ದಾನೆ ಅಂದೆ. ಕೋಟಿನ ತೂತಿನೊಳಗೆ ಬೆರಳು ತೂರಿಸುತ್ತಾ, ಆವತ್ತು ನಿನ್ನ ಗಂಡ ನನ್ನ ಮಾತು ಕೇಳಿದ್ದಿದ್ರೆ ಎರಡು ಬೆರಳು ಉಳೀತಿತ್ತಮ್ಮ ಅಂದರು. ನನಗೆ ಗೊತ್ತಿದೆ ಅಂತಲೇ ತಿಳಿದು ಹೇಳಿದರು, ಪಾಪ. ಗೊತ್ತಿಲ್ಲ ಅಂತ ಅವರಿಗೆ ತಿಳಿಯಬಾರದಲ್ಲ, ನಾನೂ ಹೂಂ ಅಂತ ತಲೆಯಾಡಿಸಿದೆ. ಗಂಡನ ಮಾನ ಮುಚ್ಚುವ ಚಟ ಇನ್ನೂ ಬಿಟ್ಟಿಲ್ಲ ನನಗೆ.

ಆ ದಿನ ಬಿರುಗಾಳಿ ಇರಲಿಲ್ಲ. ಒಂದು ಮೋಡ ಕೂಡ ಇರಲಿಲ್ಲ, ಬಿಸಿಲು ಕಣ್ಣು ಕುಕ್ಕುತ್ತಿತ್ತಂತೆ. ಆಫೀಸಿನಿಂದ ಫೋಟೊ ತೆಗೆಯುವವರು ಬರುತ್ತಾರೆ ಅಂತ ಸುದ್ದಿ ಇತ್ತಂತೆ. ಗ್ಯಾಂಗಿನವರಿಗೆ ಕೊಡುವ ಅಗಲ ಮೂತಿಯ ಬೂಟನ್ನು ನೀವು ಬಾತುಕೋಳಿ ಬೂಟು ಅಂತ ಹಂಗಿಸಿ, ಪೇಟೆಯಿಂದ ಸ್ವಂತ ದುಡ್ಡಿನಲ್ಲಿ ತಂದಿದ್ದ ಚೂಪು ಮೂತಿಯ ಬೂಟು ಹಾಕಿಕೊಂಡಿರಿ. ಕೆಂಪು ಲೇಸಿನದು. ಅದರೊಳಗೆ ಮೂರು ಜೊತೆ ಸಾಕ್ಸ್. ಗಾಡಿ ನಿಲ್ಲಿಸಲು ಬಾವುಟ ಹಿಡಿದು ರಸ್ತೆಯ ತಿರುವಿನಲ್ಲಿ ಇಡೀ ದಿನ ನಿಂತಿರಿ. ಅಡುಗೆಯಣ್ಣ ಟೀ ತಂದಾಗ ಬೂಟು ಬಿಚ್ಚು, ಕಾಲು ಉಜ್ಜಿಕೋ, ನನ್ನ ಚಪ್ಪಟೆ ಬೂಟು ಕೊಡ್ತೀನಿ ಅಂದರಂತೆ. ಬೆಳಿಗ್ಗೆ ನೋವಿತ್ತಣ್ಣ, ಈಗ ಒಂಚೂರೂ ಇಲ್ಲ, ಬೂಟು ಕಾಲಿಗೆ ಹೊಂದ್ಕೊಂಡಿದೆ ಅಂದಿರಂತೆ ನೀವು. ನೋವು ಹೋಗಿರಲಿಲ್ಲ, ನೋವು ತಿಳಿಯುವ ಶಕ್ತಿ ಹೋಗಿತ್ತು.

ಸಂಜೆ ಶೆಡ್ಡಿಗೆ ಬಂದು ಬೂಟು ಬಿಚ್ಚಿದಾಗ ಬೆರಳು ಬೆಳ್ಳಗೆ ಮೇಣವಾಗಿತ್ತಂತೆ. ಆಗಲಾದರೂ ಯಾರನ್ನಾದರೂ ಕೂಗಬೇಕೋ ಬೇಡವೋ. ಗ್ಯಾಂಗಿನವರು ನಗುತ್ತಾರೆ ಅಂತ, ಯಾರೂ ನೋಡದ ಹಾಗೆ ಆ ಕಾಲನ್ನು ಕಬ್ಬಿಣದ ಒಲೆಯ ಪಕ್ಕೆಗೆ ಒತ್ತಿ ಹಿಡಿದು ಕೂತಿರಿ. ಬಿಸಿ ತಿಳಿಯಲಿಲ್ಲ. ಚರ್ಮ ಸುಟ್ಟ ವಾಸನೆ ಮೊದಲು ತಿಳಿದದ್ದು ಅಡುಗೆಯಣ್ಣನಿಗೆ, ನಿಮಗಲ್ಲ. ಪಕ್ಕದಲ್ಲೇ ಒಣಗಲು ಇಟ್ಟಿದ್ದ ಆ ಕೆಂಪು ಲೇಸಿನ ಬೂಟೂ ಬಿಸಿಗೆ ಸೀಳಿ ಅಟ್ಟೆ ಬಿಟ್ಟುಕೊಂಡಿತಂತೆ. ಬಿರುಗಾಳಿ ಬಂದದ್ದು ಎರಡು ದಿನ ಕಳೆದ ಮೇಲೆ, ನೀವು ಕೆಳಗೆ ಆಸ್ಪತ್ರೆಯ ಮಂಚದ ಮೇಲಿದ್ದಾಗ. ನೋಡಲು ಬಂದವರು ಬಿರುಗಾಳಿಗೆ ಸಿಕ್ಕಿ ಹೀಗಾಯ್ತಾ ಅಂತ ಕೇಳಿದರು. ನೀವು ಇಲ್ಲ ಅನ್ನಲಿಲ್ಲ. ಅಲ್ಲಿಂದ ಶುರು.

ಒಂದು ಮಾತು ಸ್ಪಷ್ಟವಾಗಿ ಹೇಳುತ್ತೇನೆ ಕೇಳಿ. ನೀವು ಶೋಕಿ ಮಾಡಿದ್ದಕ್ಕೆ ನನಗೆ ಕೋಪವಿಲ್ಲ. ಮದುವೆಯ ಹೊಸತರಲ್ಲಿ ನೀವು ಕಾಲರ್ ಎತ್ತಿಕೊಂಡು ಬೀದಿಯಲ್ಲಿ ನಡೆದು ಬರುವುದನ್ನು ಕಿಟಕಿಯಿಂದ ನೋಡಿ ಖುಷಿಪಟ್ಟವಳು ನಾನು. ಕೆಂಪು ಲೇಸಿನ ಬೂಟು ನನಗೇ ತೋರಿಸಿದ್ದಿದ್ದರೆ ಚೆನ್ನಾಗಿದೆ ಅಂತಲೇ ಹೇಳುತ್ತಿದ್ದೆನೇನೋ. ಆಸ್ಪತ್ರೆಯಲ್ಲಿ ನನ್ನ ಕೈ ಹಿಡಿದುಕೊಂಡು, ದಡ್ಡತನ ಮಾಡಿಬಿಟ್ಟೆ ಕಣೇ ಅಂದಿದ್ದರೆ ಇಬ್ಬರೂ ಅತ್ತು, ಆಮೇಲೆ ನಕ್ಕು, ಮುಗಿದುಹೋಗುತ್ತಿತ್ತು. ನೀವು ಏನು ಮಾಡಿದಿರಿ? ಬೆರಳು ಕಳೆದ ತಪ್ಪನ್ನೇ ಕಾಲು ಉಳಿಸಿದ ಉಪಾಯ ಅಂತ ತಿರುಗಿಸಿ ಮಗನ ತಲೆಯಲ್ಲಿ ಕೂರಿಸಿದಿರಿ. ಬೇರೆ ಯಾವ ಸುಳ್ಳಾದರೂ ಹೇಳಬಹುದಿತ್ತಲ್ಲ. ಕರಡಿ ಬಂತು ಅನ್ನಬಹುದಿತ್ತು. ಹುಡುಗ ಕರಡಿ ಹುಡುಕಿಕೊಂಡು ಹೋಗುತ್ತಿರಲಿಲ್ಲ.

ಮನೆಯಲ್ಲಿ ನೀವು ಸಾಕ್ಸ್ ಬಿಚ್ಚಿ ಕೂತದ್ದನ್ನು ನಾನು ಒಂದು ದಿನವೂ ನೋಡಲಿಲ್ಲ. ಗಾಯಕ್ಕೆ ಮುಲಾಮು ಹಚ್ಚುತ್ತೇನೆ ಅಂದರೆ ಬಾಗಿಲು ಹಾಕಿಕೊಳ್ಳುತ್ತಿದ್ದಿರಿ. ದೊಡ್ಡ ದುಃಖ, ಹೆಂಡತಿಗೂ ತೋರಿಸಲಾಗದಂಥದ್ದು ಅಂತ ನಾನು ನಂಬಿದ್ದೆ. ಮಗನಿಗೂ ನೆಂಟರಿಗೂ, ಅವರ ಕಾಲಿನ ಕಡೆ ನೋಡಬೇಡಿ ಅಂತ ಕಣ್ಸನ್ನೆ ಮಾಡುತ್ತಿದ್ದೆ. ಸುಟ್ಟ ಗಾಯದ ಗುರುತು ಕಂಡರೆ ಹಿಮದಲ್ಲಿ ನಡೆದ ಕಾಲಿಗೆ ಬೆಂಕಿ ಎಲ್ಲಿಂದ ಬಂತು ಅಂತ ನಾನು ಕೇಳುತ್ತೇನೆ ಅನ್ನುವ ಭಯ ಅದು ಅಂತ ಈಗ ತಿಳಿಯಿತು.

ನಿಮ್ಮ ತಂಗಿಯ ಮನೆಯ ಊಟದ ದಿನವೂ ಹಾಗೇ. ನೀವು ಕಥೆ ಶುರು ಮಾಡಿದಿರಿ, ನಾನು ನಗುತ್ತಾ, ಆ ಕಥೆ ಸಾಕು ಮಾಡ್ರೀ, ಅನ್ನ ಆರ್ತಿದೆ ಅಂದೆ. ಅಷ್ಟೇ ಅಂದದ್ದು. ನೀವು ಎಲೆ ಬಿಟ್ಟು ಎದ್ದಿರಿ, ಬ್ಯಾಗು ತೆಗೆದುಕೊಂಡು ಡಿಪೊಗೆ ಹೋದವರು ಮೂರು ಚಳಿಗಾಲ ಕಳೆದರೂ ಮನೆ ಕಡೆ ಮುಖ ಹಾಕಿಲ್ಲ. ಅಂಥ ಗಂಡಸಿಗೆ ಹತ್ತು ಜನರೆದುರು ಅವಮಾನ ಮಾಡಿಬಿಟ್ಟೆನಲ್ಲ ಅಂತ ನಾನು ಒಳಗೊಳಗೇ ಕೊರಗಿದೆ. ನಿಮ್ಮ ಬೂದು ಬಣ್ಣದ ಉಣ್ಣೆ ಕೋಟನ್ನು ಪ್ರತಿ ವರ್ಷ ಹೊರಗೆ ತೆಗೆದೆ. ನೂಲು ಹೋದ ದಿಕ್ಕಿಗೇ ಬ್ರಷ್ ಎಳೆದು ಧೂಳು ಬಿಡಿಸಿದೆ, ನೆರಳಿನಲ್ಲಿ ಗಾಳಿಗೆ ಹಾಕಿದೆ, ಭುಜ ಕುಸಿಯಬಾರದು ಅಂತ ಅಗಲ ಹ್ಯಾಂಗರಿಗೇ ತೂಗುಹಾಕಿದೆ, ಜೇಬಿನಲ್ಲಿ ನುಸಿಗುಳಿಗೆ ಇಟ್ಟೆ. ಬರದೇ ಇರುವ ಮನುಷ್ಯನ ಕೋಟಿಗೆ ಇಷ್ಟು ಉಪಚಾರ. ನನ್ನಂಥ ಪೆದ್ದಿ ಇನ್ನೊಬ್ಬಳು ಇದ್ದಾಳೋ ಇಲ್ಲವೋ.

ಇಷ್ಟಕ್ಕೇ ನಿಂತಿದ್ದರೆ ನಾನು ಹಲ್ಲು ಕಚ್ಚಿ ಸುಮ್ಮನಿರುತ್ತಿದ್ದೆ. ಅಡುಗೆಯಣ್ಣ ಕೋಟಿನ ರಸೀದಿ ಮಡಚುತ್ತಾ ಇನ್ನೊಂದು ಮಾತು ಹೇಳಿದರು. ನಿಮ್ಮನ್ನು ಹೊಗಳಲಿಕ್ಕೇ ಹೇಳಿದ್ದು. ಡಿಪೊಗೆ ಅವನಂಥ ಸ್ಟೋರ್ ಕೀಪರ್ ಎಲ್ಲೂ ಸಿಗಲ್ಲಮ್ಮ ಅಂದರು. ಹೊಸಬ ಯಾರೇ ಬರಲಿ, ಕೌಂಟರ್ ಮುಂದೆ ಕೂರಿಸಿ, ತಾನೇ ಬಗ್ಗಿ ಅವನ ಕಾಲು ಅಳೆದು, ಒಂದು ಸೈಜು ದೊಡ್ಡ ಬೂಟು ಕೊಡ್ತಾನೆ. ಬೆರಳು ಆಡ್ಸಿ ತೋರಿಸೋವರೆಗೂ ಸಹಿ ಹಾಕಿಸ್ಕೊಳ್ಳಲ್ಲ. ಮೈಗೆ ಅಂಟೋ ಬನಿಯನ್ ಹತ್ತಿದಾದ್ರೆ ಬಿಚ್ಚಿಸಿ ಉಣ್ಣೇದು ಕೊಡ್ತಾನೆ, ಹತ್ತಿ ಬೆವರು ಹೀರ್ಕೊಂಡು ಮೈಮೇಲೇ ತಣ್ಣಗಾಗತ್ತೆ ಅಂತ ಬಯ್ತಾನೆ. ಬಿಗಿ ಬೂಟೇ ಬೇಕು ಅಂತ ಹಠ ಮಾಡಿದ ಒಬ್ಬನನ್ನ ಲಾರಿಯಿಂದ ಇಳಿಸಿಬಿಟ್ಟ. ಅವನ ಕೈಯಿಂದ ಬೂಟು ತಗೊಂಡು ಮೇಲೆ ಹೋದೋರಲ್ಲಿ ಒಬ್ಬರ ಬೆರಳೂ ಹೋಗಿಲ್ಲಮ್ಮ.

ಅಡುಗೆಯಣ್ಣ ಹೋದ ಮೇಲೆ ನಾನು ಆ ದಿನ ಒಂದು ಹೊಲಿಗೆಯನ್ನೂ ನೆಟ್ಟಗೆ ಹಾಕಲಿಲ್ಲ. ಅಂಗಡಿಯ ಯಜಮಾನಿ, ಏನಾಯ್ತು ನಿಂಗೆ ಅಂತ ಎರಡು ಸಲ ಕೇಳಿದರು. ಏನು ಹೇಳಲಿ. ನನ್ನ ಗಂಡ ಬುದ್ಧಿವಂತ, ಕಂಡವರ ಮಕ್ಕಳಿಗೆಲ್ಲ ಸರಿಯಾದ ಬೂಟು ಕೊಡುತ್ತಾನೆ, ತನ್ನ ಮಗನಿಗೆ ಮಾತ್ರ ಕಥೆ ಕೊಟ್ಟಿದ್ದಾನೆ ಅಂತ ಹೇಳಲೇ.

ನಿಮಗೆ ತಿಳಿಯದೆ ಆದದ್ದಲ್ಲ ಇದು. ಬೂಟು ತಂದ ಸಂಜೆ ಗುಂಡ ನಿಮಗೆ ಫೋನ್ ಮಾಡಿದ್ದ. ಅವನು ಬೂಟಿಗೆ ಮೇಣ ಹಚ್ಚುತ್ತಾ ಕೂತಿದ್ದರಿಂದ ಫೋನು ಮೇಜಿನ ಮೇಲೆ ಸ್ಪೀಕರಿನಲ್ಲಿತ್ತು, ನಾನು ಒಳಗೆ ಬಟ್ಟೆ ಮಡಚುತ್ತಿದ್ದೆ. ಅಪ್ಪಾ, ಎಂಟೇ ತಗೊಂಡೆ, ನಿಮ್ಮ ಥರಾನೇ ಮೂರು ಸಾಕ್ಸಿಗೆ ಗಟ್ಟಿಯಾಗಿ ಕೂರತ್ತೆ, ಸರಿ ಅಲ್ವಾ ಅಂತ ಕೇಳಿದ. ನಿಮ್ಮ ಹಿಂದೆ ಯಾರೋ ಪೆಟ್ಟಿಗೆ ಎಳೆಯುವ ಸದ್ದು ಕೇಳುತ್ತಿತ್ತು. ಆಮೇಲೆ, ನಿನ್ನ ಕಾಲಿಗೆ ಯಾವುದು ಸರಿ ಅನ್ಸತ್ತೋ ಅದೇ ಸರಿ ಕಣೋ ಅಂದಿರಿ. ಕಂಡವನನ್ನು ಲಾರಿಯಿಂದ ಇಳಿಸುವಷ್ಟು ಗಟ್ಟಿ ಇರುವ ಬಾಯಿಗೆ, ಒಂಬತ್ತು ತಗೋ ಅನ್ನುವ ಎರಡು ಪದ ಬರಲಿಲ್ಲ. ಯಾಕೆ ಅಂತ ಅವನು ಕೇಳಿಬಿಟ್ಟರೆ? ಹದಿಮೂರು ವರ್ಷ ಕಟ್ಟಿದ್ದು ಬಿದ್ದುಹೋಗುತ್ತದಲ್ಲ. ಮಗನ ಕಾಲು ಹೋದರೂ ಸರಿ, ಅಪ್ಪನ ಬಿರುಗಾಳಿ ಉಳಿಯಬೇಕು.

ಇದನ್ನು ಬರೆಯುವಾಗ ಪೆನ್ನಿನ ಮೊನೆ ಒತ್ತಿ ಕಾಗದ ತೂತಾಯಿತು. ಕೋಪಕ್ಕೇ ಆದದ್ದು, ಬೇರೆ ಯಾವುದಕ್ಕೂ ಅಲ್ಲ.

ಅವನ ಸಾಮಾನೆಲ್ಲ ನಾನು ಕಟ್ಟಿಕೊಟ್ಟಿದ್ದೇನೆ. ಉಣ್ಣೆಯ ಒಳ ಬನಿಯನ್, ಮೇಲೊಂದು ಸಡಿಲ ಸ್ವೆಟರ್, ಗಾಳಿ ತಡೆಯುವ ಜಾಕೆಟ್. ಕೆಲಸ ಮಾಡಿ ಬೆವರು ಬರುವ ಮೊದಲೇ ಒಂದು ಪದರ ಬಿಚ್ಚಬೇಕು, ನಿಂತ ಕೂಡಲೇ ಹಾಕಬೇಕು ಅಂತ ಹೇಳಿದ್ದೇನೆ. ಒದ್ದೆ ಗ್ಲೌಸನ್ನೂ ಸಾಕ್ಸನ್ನೂ ಒಲೆಯ ಮೇಲೆ ಒಣಗಿಸಬೇಡ, ದೂರದಲ್ಲಿ ಹಗ್ಗಕ್ಕೆ ಹಾಕು, ಬೂಟಿನ ಒಳ ಅಟ್ಟೆ ತೆಗೆದು, ಹಳೆ ಪೇಪರು ತುರುಕಿ, ಪೇಪರು ಒದ್ದೆಯಾದ ಹಾಗೆಲ್ಲ ಬದಲಾಯಿಸು ಅಂದಿದ್ದೇನೆ. ಎಲ್ಲಕ್ಕೂ ಹೂಂ ಅಂದಿದ್ದಾನೆ. ಹೂಂ ಅನ್ನುವುದು ಬೇರೆ, ಮಾಡುವುದು ಬೇರೆ. ನಾನು ಹೇಳಿದರೆ ಅಮ್ಮನ ವಟವಟ, ಅದೇ ಮಾತು ನಿಮ್ಮ ಬಾಯಲ್ಲಿ ಬಂದರೆ ಕಲ್ಲಿನ ಮೇಲೆ ಕೆತ್ತಿದ ಹಾಗೆ. ನಿಮ್ಮ ಬೂದು ಕೋಟನ್ನೂ ಅವನಿಗೇ ಕೊಟ್ಟಿದ್ದೇನೆ. ತೋಳು ಉದ್ದವಿತ್ತು, ಮಡಚಿ ಹೊಲಿದಿದ್ದೇನೆ. ನಿಮ್ಮನ್ನು ಕೇಳಬೇಕು ಅಂತ ಅನ್ನಿಸಲಿಲ್ಲ.

ಇನ್ನು ನೀವು ಮಾಡಬೇಕಾದ್ದು. ಅವನು ಮೇಲೆ ಹೋಗುವ ಮೊದಲು ನಿಮ್ಮ ಡಿಪೊದಲ್ಲಿ ಇಳಿಯುತ್ತಾನೆ, ಒಂದು ದಿನ ನಿಮ್ಮ ಜೊತೆ ಇರುತ್ತಾನೆ. ಆ ದಿನ ಅವನನ್ನು ಕೂರಿಸಿಕೊಂಡು ಹೇಳಿ. ಎಂಟು ಬಿಗಿಯಾಯಿತು, ಒಂಬತ್ತು ಹಾಕಿಕೋ ಅಂತ ಮಾತ್ರ ಹೇಳಿ ತಪ್ಪಿಸಿಕೊಳ್ಳಬೇಡಿ. ಅಷ್ಟಕ್ಕೆ ಅವನು ಬಗ್ಗುವುದಿಲ್ಲ. ಅಪ್ಪನಿಗೆ ವಯಸ್ಸಾಯಿತು, ಹೆದರುತ್ತಾರೆ ಅಂದುಕೊಂಡು, ನಿಮ್ಮೆದುರಿಗೆ ಒಂಬತ್ತು ಹಾಕಿ, ಲಾರಿ ತಿರುವು ದಾಟಿದ ಮೇಲೆ ಎಂಟು ಹಾಕಿಕೊಳ್ಳುತ್ತಾನೆ. ಬಿರುಗಾಳಿ ಇರಲಿಲ್ಲ ಅಂತ ಹೇಳಿ. ಬಿಸಿಲಿತ್ತು ಅಂತ ಹೇಳಿ. ಕೆಂಪು ಲೇಸು, ಫೋಟೊ, ಒಲೆ, ಎಲ್ಲ ಹೇಳಿ. ನೋವು ನಿಂತ ಹೊತ್ತೇ ಅಪಾಯದ ಹೊತ್ತು ಅಂತ ಅವನಿಗೆ ಹೇಳಿಕೊಡಲು ನಿಮಗಿಂತ ಬೇರೆ ಮೇಷ್ಟ್ರು ಸಿಗುವುದಿಲ್ಲ.

ನೀನೇ ಹೇಳಬಹುದಿತ್ತಲ್ಲ ಅಂತ ನೀವು ಅಂದುಕೊಳ್ಳುತ್ತೀರಿ. ನಾನು ಅವನಿಗೆ ಹೇಳಿಲ್ಲ. ಹೇಳುವುದೂ ಇಲ್ಲ. ಆ ಮಾತು ನನ್ನ ಬಾಯಿಂದ ಬಂದರೆ ಅವನಿಗೆ ಅಪ್ಪನೇ ಇಲ್ಲದ ಹಾಗಾಗುತ್ತದೆ, ನಿಮ್ಮ ಬಾಯಿಂದ ಬಂದರೆ ಕಥೆ ಒಂದು ಇಲ್ಲದ ಹಾಗಾಗುತ್ತದೆ, ಅಷ್ಟೇ. ಈ ಲೆಕ್ಕವನ್ನು ಕೂಡಿ ಕಳೆದು ನೋಡಿ. ಇಷ್ಟರ ಮೇಲೂ ನೀವು ತುಟಿ ಬಿಚ್ಚದಿದ್ದರೆ, ಅವನ ಕಾಲಿಗೆ ಏನಾದರೂ ಆದರೆ, ನಿಮ್ಮ ಡಿಪೊದ ಕೌಂಟರಿಗೇ ಬಂದು, ಅಲ್ಲಿ ಸಾಲು ನಿಂತವರೆಲ್ಲರ ಎದುರಿಗೆ ಮಾತಾಡುತ್ತೇನೆ. ಆವತ್ತು ಯಾರ ಮಾನವನ್ನೂ ಮುಚ್ಚುವುದಿಲ್ಲ. ಆದರೆ ಆಗ ಮಾತಾಡಿ ಏನು ಬಂತು, ಹೇಳಿ. ಹೋದ ಬೆರಳು ನನ್ನ ಬೈಗುಳಕ್ಕೆ ಮತ್ತೆ ಚಿಗುರುವುದಿಲ್ಲ.

ನಾನು ನಿಮ್ಮನ್ನು ಮನೆಗೆ ಬನ್ನಿ ಅಂತ ಕರೆಯಲು ಬರೆದಿಲ್ಲ. ನೀವು ಬಂದರೂ ಸರಿ, ಬರದಿದ್ದರೂ ಸರಿ, ಆ ವಿಷಯ ಇನ್ನೊಂದು ದಿನಕ್ಕೆ ಇರಲಿ. ಸದ್ಯಕ್ಕೆ ನನಗೆ ಬೇಕಾದ್ದು ನನ್ನ ಮಗನ ಹತ್ತು ಬೆರಳು.

ಇಂತಿ,
ಕಾಗದಪತ್ರಗಳಲ್ಲಿ ಇನ್ನೂ ನಿಮ್ಮ ಹೆಂಡತಿಯಾಗಿರುವವಳು

ತಾ.ಕ.: ಲಕೋಟೆ ಅಂಟಿಸಿ ಆಗಿತ್ತು, ಮತ್ತೆ ಬಿಡಿಸಿ ಬರೆಯುತ್ತಿದ್ದೇನೆ. ನಡೆದದ್ದು ಅಂತ ಮೇಲೆ ಬರೆದದ್ದರಲ್ಲಿ ಸುಳ್ಳಿಲ್ಲ, ಆದರೆ ಒಂದು ವಿಷಯ ಬಿಟ್ಟಿದ್ದೆ. ಗುಂಡನಿಗೆ ಎಲ್ಲ ಗೊತ್ತು. ಬುಧವಾರ ನನಗೆ ಊಟದ ಡಬ್ಬಿ ಕೊಡಲು ಅಂಗಡಿಗೆ ಬಂದವನು ನೇತುಹಾಕಿದ ಕೋಟುಗಳ ಹಿಂದೆಯೇ ನಿಂತುಬಿಟ್ಟಿದ್ದಾನೆ. ಅಡುಗೆಯಣ್ಣ ಹೋದ ಮೇಲೆ ಹೊರಗೆ ಬಂದ. ಒಂದು ಅಕ್ಷರವೂ ಬಿಡದೆ ಕೇಳಿಸಿಕೊಂಡಿದ್ದಾನೆ ಅಂತ ಮುಖ ನೋಡಿದರೇ ತಿಳಿಯಿತು. ಬಯ್ಯಲಿಲ್ಲ, ಅಳಲಿಲ್ಲ. ಅಪ್ಪನಿಗೆ ನೀನು ಏನೂ ಹೇಳ್ಬೇಡ, ಈ ಬೂಟು ಹಾಕ್ಕೊಂಡೇ ಹೋಗಿ ಅವರ ಮುಂದೆ ನಿಲ್ತೀನಿ, ಅವರೇ ಹೇಳ್ತಾರಾ ನೋಡ್ತೀನಿ, ಹೇಳದಿದ್ರೆ ಇದರಲ್ಲೇ ಮೇಲೆ ಹೋಗ್ತೀನಿ ಅಂದ. ಎಷ್ಟು ಬೇಡಿಕೊಂಡರೂ ಜಗ್ಗಲಿಲ್ಲ, ಕೊನೆಗೆ ನಿಮಗೆ ಹೇಳುವುದಿಲ್ಲ ಅಂತ ಮಾತು ಕೊಟ್ಟೆ. ಹಾಗೆ ಮಾಡುವವನೇ ಅವನು, ಹಠ ಯಾರದು ಅಂತ ನಿಮಗೆ ಹೇಳಬೇಕಾಗಿಲ್ಲ. ಅವನಿಗೆ ಕೊಟ್ಟ ಮಾತನ್ನು ಇದೀಗ ಮುರಿದಿದ್ದೇನೆ. ಅವನ ಕಾಲಿಗಾಗಿ ಮುರಿದೆ ಅಂತ ಬರೆದು ನಿಲ್ಲಿಸಬಹುದು, ಆದರೆ ಪೂರ್ತಿ ನಿಜ ಅದಲ್ಲ. ನಿಮ್ಮ ಮಗನ ಎದುರು ನೀವು ಮತ್ತೊಮ್ಮೆ ಸುಮ್ಮನಿದ್ದುಬಿಡುತ್ತೀರಲ್ಲ, ಅವನು ಅದನ್ನು ನೋಡುತ್ತಾನಲ್ಲ, ಅದನ್ನು ನೆನೆಸಿಕೊಂಡರೆ ನನಗೆ ತಡೆಯಲಾಗುವುದಿಲ್ಲ. ನಾನು ಬರೆದಿದ್ದೆ ಅಂತ ಅವನಿಗೆ ಯಾವತ್ತೂ ತಿಳಿಯಬಾರದು. ಅವನು ಬಂದು ನಿಂತಾಗ ಅವನ ಬೂಟಿಗೆ ಕೈ ಹಾಕಬೇಡಿ. ಬಾಗಿಲು ಹಾಕಿ, ಅವನ ಎದುರಿಗೆ ಕೂತು, ಮೊದಲು ನಿಮ್ಮದು ಬಿಚ್ಚಿ.